ಎರಡು ಪರದೆಯ ಚಕ್ಕುಬಂದಿ

ಮುಚ್ಚಿಹೋದ ಟ್ಯುಟೋರಿಯಲ್ಲಿನ ಸಾಮಾನು ಹರಾಜಿನಲ್ಲಿ
ಹದಿನೆಂಟು ನೂರಕ್ಕೆ ಸಿಕ್ಕ ಮಾನಿಟರು.
ಅಂಚಿನಲ್ಲಿ ಯಾರೋ ಕೈವಾರದ ಮುಳ್ಳಿನಿಂದ ಕೊರೆದಿದ್ದಾರೆ
ಅರ್ಧ ಹೃದಯ, ಒಂದು 'ಶ'.
ಹಳೆಯದಕ್ಕಿಂತ ನಾಲ್ಕು ಬೆರಳು ಗಿಡ್ಡ.
ಅಡಿಗೆ ಎರಡು ವರ್ಷದ ಪಂಚಾಂಗ ಇಟ್ಟೆ,
ಈಗ ಎರಡರ ಹುಬ್ಬೂ ಒಂದೇ ಸಮ.

"ಕಣ್ಣಿಗೊಂದೊಂದಾ?" ಅಂದರು ಪತ್ರಬರಹದ ಅಶ್ವತ್ಥಪ್ಪನವರು,
ಕರೆಂಟು ಬಿಲ್ಲನ್ನು ಮನಸ್ಸಲ್ಲೇ ಕೂಡಿಸುತ್ತ.
ನೋಂದಣಿ ಕಚೇರಿ ಎದುರಿನ ಬೇವಿನಡಿ ಕಾದವರು
ಬಂದು ಇಣುಕಿ, "ಏಮ್ಮಾ, ರೆಂಡು ಟೀವೀಲಾ?" ಅಂದು
ಸಿನಿಮಾ ಕಾಣದೆ ವಾಪಸು ಹೋದರು.

ಹನ್ನೊಂದು ವರ್ಷ ಒಂದೇ ಪರದೆ.
ಹಳೆಯ ಕ್ರಯಪತ್ರ ತೆರೆ, ಓದಿಕೊ,
ಮರೆ ಮಾಡು, ಹೊಸದಕ್ಕೆ ಹೋಗು.
ಒಂದು ಗುಂಡಿ ಒತ್ತುವಷ್ಟು ದೂರ, ಅಷ್ಟೇ.
ಆ ದೂರವನ್ನು ಸರ್ವೆ ನಂಬರು ನಾಲಿಗೆ ಮೇಲಿಟ್ಟುಕೊಂಡು
ಓಡುತ್ತಿದ್ದೆ, ಬೊಗಸೆಯಲ್ಲಿ ನೀರು ಹೊತ್ತ ಹಾಗೆ.
ಯಾರಾದರೂ "ಜೆರಾಕ್ಸ್ ಎಷ್ಟು?" ಅಂದರೆ ಸಾಕು,
ಅರ್ಧ ಗುಂಟೆ ಚೆಲ್ಲಿಹೋಗುತ್ತಿತ್ತು.

ಮೊದಲ ದಿನ ತಮಾಷೆ.
ಸೆಟ್ಟಿಂಗಿನಲ್ಲಿ ಎಡ ಬಲ ಅದಲು ಬದಲು.
ಬಲಕ್ಕೆ ತಳ್ಳಿದರೆ ಬಾಣ ಗೋಡೆ ಮುಟ್ಟಿ ನಿಲ್ಲುತ್ತೆ,
ಎಡಕ್ಕೆ ಎಳೆದರೆ ಮುಳುಗಿ
ಬಲದ ತುತ್ತತುದಿಯಲ್ಲಿ ಹುಟ್ಟುತ್ತೆ,
ಪಡುವಣದ ಸೂರ್ಯ ನಡುವೆ ರಾತ್ರಿಯೇ ಇಲ್ಲದೆ
ಮೂಡಣದಲ್ಲಿ ಬಂದ ಹಾಗೆ.
ಒಂದು, ಎರಡು ಅಂತ ಬರೆದ ಚೌಕಗಳನ್ನು ಎಳೆದಾಡಿ ಸರಿ ಮಾಡಿದೆ.
ಮಧ್ಯೆ ಎರಡು ಬೆರಳಗಲ ಕಪ್ಪು ಚೌಕಟ್ಟು: ಬದು.
ಬಾಣ ಯಾರ ಒಪ್ಪಿಗೆಯನ್ನೂ ಕೇಳದೆ ದಾಟುತ್ತೆ.
ದಿನವಿಡೀ ಬದುವಿನ ಜಗಳ ಟೈಪು ಮಾಡುವವಳಿಗೆ
ಅದನ್ನು ಕಂಡರೇ ನಗು.

ಈಗ ಎಡಕ್ಕೆ ಹಳೆಯದು, ಬಲಕ್ಕೆ ಹೊಸದು,
ನಡುವೆ ನನ್ನ ಮೂಗು.
ಮೂರು ಪತ್ರವಾಗುತ್ತಿದ್ದ ಹೊತ್ತಿಗೆ ಐದು.
ಮುದ್ದೆ ಬಿಸಿಯಿರುವಾಗಲೇ ಊಟ.

ನಿನ್ನೆ ಮುನಿರತ್ನಮ್ಮ ಬಂದರು,
ಸೊಸೆಯ ಹೆಸರಿಗೆ ದಾನಪತ್ರ ಬರೆಸಲು.
ಆರು ವರ್ಷದ ಹಿಂದಿನ ಕ್ರಯಪತ್ರ ಎಡಕ್ಕಿಟ್ಟೆ, ಬಲಕ್ಕೆ ಸರ್ವೆ ನಕ್ಷೆ.
ಪೂರ್ವಕ್ಕೆ: ಪಿಳ್ಳಪ್ಪನ ಹುಣಸೆ ತೋಪು.
ಪಶ್ಚಿಮಕ್ಕೆ: ಕೆರೆ ಕಾಲುವೆ.
ನಕ್ಷೆಯಲ್ಲಿ ಕಾಲುವೆ ಪೂರ್ವಕ್ಕೆ ಹರಿದಿತ್ತು.
ಪುಟದ ಕೊನೆಗೆ ಇಳಿದೆ. ಬಿಕ್ಕಲಂ: ಅಶ್ವತ್ಥಪ್ಪ.
ಅದರ ಕೆಳಗೆ, ಟೈಪು ಮಾಡಿದವರು,
ನನ್ನದೇ ಹೆಸರು.

ಮೂಡಲ ಬಾಗಿಲೇ ಮುಳಬಾಗಿಲಾದ ಊರಲ್ಲಿ ಹುಟ್ಟಿ
ಮೂಡಣ ಯಾವುದೆಂದು ತಪ್ಪಿದವಳು ನಾನು.

ಅವತ್ತು ಏನಾಗಿತ್ತು, ಯಾರು ಜೆರಾಕ್ಸ್ ಕೇಳಿದ್ದರು?
ಆ ದಿನವನ್ನು ಎರಡು ಪರದೆ ಸೇರಿಯೂ ತೋರಿಸಲಾರವು.
ಕಾಗದದಲ್ಲಿ ಕಾಲುವೆ ಆರು ವರ್ಷ ಅಡ್ಡದಿಕ್ಕಿಗೆ ಹರಿಯಿತು,
ನೆಲಕ್ಕೆ ಸುದ್ದಿ ಮುಟ್ಟಲಿಲ್ಲ, ಅವರೆ ಬೆಳೆಯುತ್ತಲೇ ಇತ್ತು.

ಅದನ್ನೇ ನಕಲು ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ.
'ಮೂಲದಲ್ಲಿ ಇದ್ದಂತೆ' ಅನ್ನುವುದು
ನಮ್ಮ ಕಸುಬಿನ ಮೆತ್ತನೆಯ ದಿಂಬು.
ಓದು ಬಾರದ ಮುನಿರತ್ನಮ್ಮ ಮಾತ್ರ
ಅದನ್ನೊಮ್ಮೆ ಇದನ್ನೊಮ್ಮೆ ನೋಡುತ್ತಿದ್ದರು.
"ಒಂದೇ ಜಮೀನಾ ಮಗಾ, ಎರಡಾ?"
"ಒಂದೇ, ಅಮ್ಮ. ನಾನು ಎರಡು ಮಾಡಿದ್ದೆ."

ತಿದ್ದುಪಡಿ ಪತ್ರದ ಖರ್ಚು ನನ್ನ ಪರ್ಸಿನದು.
ಅಶ್ವತ್ಥಪ್ಪನವರು ಏನೂ ಅನ್ನದೆ
ತುಂಬ ಹೊತ್ತು ಕನ್ನಡಕ ಒರೆಸಿದರು.

ಸಂಜೆ ಷಟರು ಅರ್ಧಕ್ಕೆ ಎಳೆದು ಮತ್ತೆ ಕೂತೆ.
ಹನ್ನೊಂದು ವರ್ಷ, ನಾಲ್ಕು ಸಾವಿರದ ಚಿಲ್ಲರೆ ಪತ್ರ,
ಒಂದೊಂದಕ್ಕೂ ನಾಲ್ಕು ದಿಕ್ಕು.
ಮೊದಲನೆಯದನ್ನು ತೆರೆದು
ಎಡಕ್ಕೆ ಇಟ್ಟೆ.